ಎಂಟು ಬಾಗಿಲಿನ ಡಬ್ಬಿ

"ಸ್ವಿಚ್ ತರಬೇಕು" ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಗೋಡೆ ಕಡೆ ನೋಡುತ್ತಾರೆ, ಫ್ಯಾನಿನದೋ ಲೈಟಿನದೋ ಕೆಟ್ಟಿರಬೇಕು ಅಂತ. ನಾನು ಬರೆಯುತ್ತಿರುವುದು ಆ ಸ್ವಿಚ್ಚಿನ ಬಗ್ಗೆ ಅಲ್ಲ. ಮನೆಯೊಳಗಿನ ಕಂಪ್ಯೂಟರುಗಳನ್ನು ವೈರಿನ ಮೂಲಕ ಒಂದಕ್ಕೊಂದು ಜೋಡಿಸುವ ಪುಟ್ಟ ಡಬ್ಬಿಯ ಬಗ್ಗೆ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಹೆಸರು ಗೊತ್ತು. ಹಬ್, ಸ್ವಿಚ್, ರೂಟರ್ ಎಂದು ಮೂರನ್ನೂ ಒಟ್ಟಿಗೆ ಬಾಯಿಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಅದು ಪರೀಕ್ಷೆಗೆ ಮುಗಿಯಲಿಲ್ಲ. ಆಪಾಳ ದುಡಿಮೆ ಆ ಡಬ್ಬಿಯನ್ನು ನಂಬಿಕೊಂಡಿದೆ. ಅದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಏನೇನು ನೋಡಿ ಆರಿಸಿದೆ, ಯಾಕೆ ನೋಡಿದೆ ಎಂದು ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಆಪಾ ಅಂದರೆ ನನ್ನ ಅಕ್ಕ. ಬಿ.ಕಾಂ. ಮುಗಿಸಿದ ಮೇಲೆ ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯುವ ಕೆಲಸ ಹಿಡಿದಳು. ಅದರಲ್ಲೂ ಹೆಣ್ಣುಮಕ್ಕಳ ಕಡೆಯದು ಮಾತ್ರ. ಮೆಹಂದಿ, ಹಳದಿ, ಶಾದಿ ಮಹಲ್‌ನಲ್ಲಿ ಪರದೆಯ ಒಳಗಡೆ ನಡೆಯುವ ಶಾಸ್ತ್ರ, ಹಾಡು, ನಗು, ಬೀಳ್ಕೊಡುವಾಗಿನ ಅಳು. ಗಂಡಸರ ಕಡೆಗೆ ಬೇರೆ ಕ್ಯಾಮೆರಾದವರು ಇರುತ್ತಾರೆ. ಚಿತ್ರದುರ್ಗದ ನಮ್ಮ ಮೊಹಲ್ಲಾದಲ್ಲಿ ಶುರುವಾದ ಕೆಲಸ ಬಾಯಿಂದ ಬಾಯಿಗೆ ಹರಡಿತು. ಈಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದಲೂ ಅವಳನ್ನು ಕರೆಯುತ್ತಾರೆ. ಕರೆಯುವವರು ಕ್ಯಾಮೆರಾ ಯಾವ ಕಂಪನಿಯದು ಎಂದು ಕೇಳಿದ್ದು ನಾನು ಕಂಡಿಲ್ಲ. ಅವರು ಕೇಳುವುದು ಬೇರೆ.

"ಈ ವಿಡಿಯೊ ಯಾರ ಕೈಗೆ ಹೋಗುತ್ತೆ ಬೇಟಾ?"

"ಯಾರ ಕೈಗೂ ಇಲ್ಲ ಖಾಲಾ. ತೆಗೆಯುವವಳೂ ನಾನೇ, ಎಡಿಟ್ ಮಾಡುವವಳೂ ನಾನೇ. ನಿಮಗೆ ಕೊಟ್ಟು ಒಂದು ತಿಂಗಳಾದ ಮೇಲೆ ನನ್ನ ಹತ್ತಿರ ಇರುವುದನ್ನು ಅಳಿಸಿಬಿಡುತ್ತೇನೆ. ನೆಟ್‌ಗೆ ಹಾಕುವುದಿಲ್ಲ, ಫೋನಿಗೂ ಹಾಕುವುದಿಲ್ಲ."

ಈ ಒಂದು ಮಾತಿನ ಮೇಲೆ ಜನ ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ. ಅಮ್ಮಿ ಇದನ್ನು ಅಮಾನತ್ ಎನ್ನುತ್ತಾರೆ. ಇನ್ನೊಬ್ಬರು ನಂಬಿ ನಮ್ಮ ಹತ್ತಿರ ಇಟ್ಟ ವಸ್ತು. ಅದು ಬೇರೆಯವರ ಪಾಲಾಗಬಾರದು, ನಮ್ಮ ಕೈಯಲ್ಲಿ ಹಾಳೂ ಆಗಬಾರದು. ಮೊದಲನೆಯದಕ್ಕೆ ಆಪಾಳ ಮಾತು ಸಾಕು. ಎರಡನೆಯದಕ್ಕೆ ಮಾತು ಸಾಕಾಗುವುದಿಲ್ಲ, ಯಂತ್ರಗಳೂ ಸಹಕರಿಸಬೇಕು. ಹಾರ್ಡ್‌ಡಿಸ್ಕ್ ಹೇಳಿ ಕೇಳಿ ಕೆಡುವುದಿಲ್ಲ. ಕೆಟ್ಟುಹೋಯಿತು ಅಂತ ಮದುವೆಯನ್ನು ಇನ್ನೊಮ್ಮೆ ಮಾಡಿಸಲು ಆಗುತ್ತದೆಯೇ?

ಅದಕ್ಕೆ ಆಪಾಳದು ಒಂದು ಕಟ್ಟುನಿಟ್ಟಾದ ನಿಯಮ. ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಇರುವುದು ಎರಡು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಕಾಪಿ ಆಗಿ, ಎರಡನ್ನೂ ಹೋಲಿಸಿ ನೋಡುವ ತನಕ ಕಾರ್ಡನ್ನು ಅಳಿಸುವಂತಿಲ್ಲ. ಒಂದು ಅವಳ ಎಡಿಟಿಂಗ್ ಕಂಪ್ಯೂಟರ್, ಕೆಳಗಿನ ಕೋಣೆಯಲ್ಲಿದೆ. ಇನ್ನೊಂದು ಭಾಯಿಜಾನ್ ಬಿಟ್ಟ ಹಳೆಯ ಡೆಸ್ಕ್‌ಟಾಪ್, ಮಹಡಿಯ ಮೇಲೆ. ಅದರಲ್ಲಿ ಒಂದು ದೊಡ್ಡ ಡಿಸ್ಕ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. "ಒಂದೇ ಕಂಪ್ಯೂಟರಿಗೆ ಇನ್ನೊಂದು ಡಿಸ್ಕ್ ಚುಚ್ಚಿದರೆ ಆಗದಾ?" ಎಂದು ನಮ್ಮ ತರಗತಿಯವರೇ ಕೇಳಿದ್ದಾರೆ. ಆಗುತ್ತದೆ. ಆದರೆ ಕರೆಂಟು ಜಾಸ್ತಿ ಬಂದು ಒಂದು ಕಂಪ್ಯೂಟರ್ ಸುಟ್ಟರೆ ಅದಕ್ಕೆ ಚುಚ್ಚಿದ ಡಿಸ್ಕೂ ಅದರ ಜೊತೆಗೇ ಹೋಗಬಹುದು. ಎರಡು ಕಾಪಿ ಎರಡು ಕೋಣೆಯಲ್ಲಿ, ಎರಡು ಪ್ಲಗ್ಗಿನಲ್ಲಿ ಇರಲಿ ಎಂಬುದು ಆಪಾಳ ಲೆಕ್ಕ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಪ್ರತಿ ಮದುವೆಯೂ ಒಂದು ವೈರಿನಲ್ಲಿ ಹತ್ತಿ ಹೋಗಬೇಕು. ಆ ವೈರಿನ ನಡುವೆ ಕೂರುವುದೇ ಸ್ವಿಚ್.

ಮೊದಲು ನಮ್ಮಲ್ಲಿ ಯಾರೋ ಬಿಟ್ಟುಹೋದ ಒಂದು ಹಳೆಯ ಪ್ಲಾಸ್ಟಿಕ್ ಸ್ವಿಚ್ ಇತ್ತು. ಕಂಪನಿಯ ಹೆಸರು ಬೇಡ, ಅದರ ವಯಸ್ಸೂ ಆಗಿತ್ತು. ಈದ್ ಕಳೆದ ಮೇಲೆ ಮದುವೆಗಳು ಸಾಲಾಗಿ ಬರುತ್ತವಲ್ಲ, ಅಂಥ ಒಂದು ಶನಿವಾರ ಆಪಾಗೆ ಹಿರಿಯೂರಿನಲ್ಲಿ ಕೆಲಸ. ಮರುದಿನ ಬೆಳಗ್ಗೆ ಹೊಸದುರ್ಗದಲ್ಲಿ ಮೆಹಂದಿ. ಹಿರಿಯೂರಿನಿಂದ ಹೆದ್ದಾರಿಯಲ್ಲಿ 40 ಕಿಲೋಮೀಟರ್ ಬಂದು ಮನೆ ಮುಟ್ಟುವಾಗ ರಾತ್ರಿ ಹನ್ನೊಂದು ದಾಟಿತ್ತು. 64 ಜಿಬಿಯ ಎರಡು ಕಾರ್ಡುಗಳೂ ತುಂಬಿದ್ದವು. ಕಾರ್ಡಿನಿಂದ ಕೆಳಗಿನ ಕಂಪ್ಯೂಟರಿಗೆ ಅರ್ಧ ಗಂಟೆಯಲ್ಲಿ ಬಂತು. ಅಲ್ಲಿಂದ ಮೇಲಕ್ಕೆ ಕಾಪಿ ಹಾಕಿದರೆ ಮೂರು ಗಂಟೆ ಎಂದು ತೋರಿಸಿತು. ಆಪಾ ಹಾಕಿ ಮಲಗಿದಳು.

ನಡುರಾತ್ರಿ ಕರೆಂಟು ಹೋಗಿ ಬಂದಿತ್ತು. ಕಂಪ್ಯೂಟರುಗಳು ಯುಪಿಎಸ್ ಮೇಲೆ ಇದ್ದುದರಿಂದ ಅವಕ್ಕೆ ಏನೂ ಆಗಲಿಲ್ಲ. ಸ್ವಿಚ್ ಮಾತ್ರ ಇನ್ವರ್ಟರ್ ಲೈನಿನಲ್ಲಿತ್ತು. ಇನ್ವರ್ಟರ್ ವಹಿಸಿಕೊಳ್ಳುವ ಆ ಒಂದು ಕ್ಷಣದಲ್ಲಿ ಅದು ಆಫ್ ಆಗಿ ಆನ್ ಆಗಿ ಅಲ್ಲೇ ಹೆಪ್ಪುಗಟ್ಟಿದಂತೆ ನಿಂತಿತ್ತು. ಎಲ್ಲಾ ದೀಪಗಳೂ ಒಟ್ಟಿಗೆ ಉರಿಯುತ್ತಿದ್ದವು, ಒಂದೂ ಮಿಣುಕುತ್ತಿರಲಿಲ್ಲ. ಫಜರ್‌ಗೆ ಎದ್ದ ಆಪಾ ನೋಡಿದರೆ ಅರ್ಧ ಮದುವೆ ಮಾತ್ರ ಮೇಲಕ್ಕೆ ಹೋಗಿತ್ತು. ಎಂಟು ಗಂಟೆಗೆ ಹೊಸದುರ್ಗದ ಬಸ್ಸು. ಕಾರ್ಡ್ ಅಳಿಸುವಂತಿಲ್ಲ, ಅಳಿಸದೆ ಹೋದರೆ ಮೆಹಂದಿ ತೆಗೆಯಲು ಜಾಗ ಇಲ್ಲ. ಅಬ್ಬಾ "ಒಂದು ಕಾಪಿ ಇದೆಯಲ್ಲ, ಅಳಿಸಿಬಿಡು" ಎಂದರು. ಆಪಾ ಒಪ್ಪಲಿಲ್ಲ. "ಅದು ನಮ್ಮದಲ್ಲ ಅಬ್ಬಾ" ಎಂದಳು, ಅಷ್ಟೇ. ನಮಗೆ ಪರಿಚಯದ ಸ್ಟುಡಿಯೊ ಚಾಚಾ ಒಬ್ಬರು ಬೆಳಗಿನ ಏಳು ಗಂಟೆಗೆ ಅಂಗಡಿಯ ಶಟರ್ ಎತ್ತಿ ಎರಡು ಕಾರ್ಡ್ ಕೊಟ್ಟದ್ದರಿಂದ ಆ ದಿನ ಕಳೆಯಿತು. ರಾತ್ರಿ ಹಿಂದಿರುಗಿದ ಆಪಾ ನನಗೆ ಹೇಳಿದಳು: "ಈ ಡಬ್ಬಿಯನ್ನು ನಂಬಿ ನಾನು ಇನ್ನು ಯಾರ ಹತ್ತಿರವೂ ಅಡ್ವಾನ್ಸ್ ತಗೊಳ್ಳಲ್ಲ. ನೀನು ಕಂಪ್ಯೂಟರ್ ಸೈನ್ಸ್ ಓದ್ತೀಯಲ್ಲ, ಒಂದು ಒಳ್ಳೇದನ್ನು ಹುಡುಕು. ಕಡಿಮೆ ಬೆಲೆಯದು ಅಂತ ಹುಡುಕಬೇಡ, ಕೈ ಕೊಡದೇ ಇರೋದು ಅಂತ ಹುಡುಕು."

ಹುಡುಕುವ ಮೊದಲು ಅದು ಏನು ಮಾಡುತ್ತದೆ ಎಂದು ಸರಿಯಾಗಿ ತಿಳಿಯಬೇಕಿತ್ತು. ಪುಸ್ತಕದ ವಾಕ್ಯಕ್ಕಿಂತ ನಮ್ಮ ಲ್ಯಾಬ್ ಸರ್ ಕೊಟ್ಟ ಹೋಲಿಕೆ ನನಗೆ ಬೇಗ ಹಿಡಿಯಿತು. ಹಬ್ ಎಂದರೆ ಮಸೀದಿಯ ಮೈಕಿನಲ್ಲಿ ಐಲಾನ್ ಮಾಡಿದ ಹಾಗೆ. ಒಬ್ಬರಿಗೆ ಹೇಳಬೇಕಾದ ಮಾತು ಇಡೀ ಮೊಹಲ್ಲಾಕ್ಕೆ ಕೇಳುತ್ತದೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಸ್ವಿಚ್ ಎಂದರೆ ಹಳೆಯ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಯಾರ ಪತ್ರ ಯಾವ ಬಾಗಿಲಿಗೆ ಎಂದು ಅವನಿಗೆ ನೆನಪಿರುತ್ತದೆ. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟಿಗೂ 48 ಬಿಟ್‌ಗಳ ಒಂದು ಮ್ಯಾಕ್ ವಿಳಾಸ ಇರುತ್ತದೆ. ಯಾವ ವಿಳಾಸ ಯಾವ ಪೋರ್ಟಿನಿಂದ ಮಾತಾಡಿತು ಎಂದು ಸ್ವಿಚ್ ತನ್ನೊಳಗೆ ಪಟ್ಟಿ ಬರೆದುಕೊಳ್ಳುತ್ತದೆ. ಗೊತ್ತಿಲ್ಲದ ವಿಳಾಸ ಬಂದರೆ ಒಮ್ಮೆ ಎಲ್ಲಾ ಬಾಗಿಲು ತಟ್ಟುತ್ತದೆ. ಉತ್ತರ ಬಂದ ಬಾಗಿಲನ್ನು ನೆನಪಿಟ್ಟುಕೊಂಡು ಮುಂದಿನ ಸಲ ನೇರವಾಗಿ ಅಲ್ಲಿಗೇ ಹೋಗುತ್ತದೆ. ಆಪಾ ಕೆಳಗಿನಿಂದ ಮೇಲಕ್ಕೆ ಕಾಪಿ ಮಾಡುವಾಗ ನಾನು ಇನ್ನೊಂದು ಬಾಗಿಲಿನಿಂದ ಪಾಠದ ವಿಡಿಯೊ ನೋಡಿದರೆ ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಹುಡುಕುವಾಗ ಸಿಕ್ಕ ಒಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಈಥರ್ನೆಟ್ ಎಂಬ ಈ ವೈರಿನ ಪದ್ಧತಿ 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ರಾಬರ್ಟ್ ಮೆಟ್‌ಕಾಫ್. ಆದರೆ ಮೊದಲ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ಬಂದದ್ದು 1990ರ ಹೊತ್ತಿಗೆ, 'ಕಲ್ಪನಾ' ಎಂಬ ಕಂಪನಿಯಿಂದ. ಹೌದು, ನಮ್ಮದೇ ಕಲ್ಪನಾ. ಕಂಪನಿ ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಭಾರತ ಮೂಲದ ವಿನೋದ್ ಭಾರದ್ವಾಜ್. ಅವರು ತಮ್ಮ ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟರು. ಆ ಮೊದಲ ಸ್ವಿಚ್ಚಿಗೆ ಇದ್ದದ್ದು ಏಳು ಪೋರ್ಟ್. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು. ಇಂದು ಪ್ರಪಂಚದ ಆಫೀಸುಗಳಲ್ಲೆಲ್ಲಾ ಇರುವ ಡಬ್ಬಿಯ ಮೂಲದಲ್ಲಿ ಒಬ್ಬ ಹೆಣ್ಣುಮಗಳ ಹೆಸರಿದೆ ಎಂದಾಗ ಆಪಾ ಎಡಿಟಿಂಗ್ ನಿಲ್ಲಿಸಿ ನನ್ನ ಕಡೆ ತಿರುಗಿ ಕುಳಿತಳು.

ಇನ್ನು ವೇಗದ ಲೆಕ್ಕ. ಹಳೆಯ ಸ್ವಿಚ್ಚಿನ ವೇಗ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಆದ್ದರಿಂದ ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ವಿಳಾಸ, ಲೆಕ್ಕಪತ್ರಕ್ಕೆ ಸ್ವಲ್ಪ ಹೋಗಿ ಕೈಗೆ ಸಿಗುವುದು ಹನ್ನೊಂದೂವರೆಯ ಆಸುಪಾಸು. 128 ಜಿಬಿ ಎಂದರೆ 1,28,000 ಮೆಗಾಬೈಟ್. ಭಾಗಿಸಿ ನೋಡಿ, ಮೂರು ಗಂಟೆ ದಾಟುತ್ತದೆ. ಗಿಗಾಬಿಟ್ ಸ್ವಿಚ್ಚಿನದು ಇದರ ಹತ್ತರಷ್ಟು, ಸೆಕೆಂಡಿಗೆ 1000 ಮೆಗಾಬಿಟ್. ಡಿಸ್ಕ್ ಅಷ್ಟು ವೇಗವಾಗಿ ಬರೆದುಕೊಂಡರೆ ಅದೇ ಕೆಲಸ ಇಪ್ಪತ್ತು ನಿಮಿಷದಲ್ಲಿ ಆಗಬೇಕು. ಮೂರು ಗಂಟೆ ಕಾಯುವುದಕ್ಕೂ ಇಪ್ಪತ್ತು ನಿಮಿಷ ಕಾಯುವುದಕ್ಕೂ ಇರುವ ವ್ಯತ್ಯಾಸ ನಿದ್ದೆಯದು ಮಾತ್ರ ಅಲ್ಲ. ಇಪ್ಪತ್ತು ನಿಮಿಷವಾದರೆ ಆಪಾ ಎದುರಿಗೇ ಕುಳಿತು ಕಾಪಿ ಮುಗಿದದ್ದನ್ನು ಕಣ್ಣಾರೆ ನೋಡಿ ಮಲಗಬಹುದು. ಮೂರು ಗಂಟೆಯಾದರೆ ಅದನ್ನು ರಾತ್ರಿಯ ಕರೆಂಟಿಗೆ ಒಪ್ಪಿಸಿ ಮಲಗಬೇಕು.

"ಇದನ್ನು ಹಾಕಿದರೆ ನೆಟ್ ಕೂಡ ಜೋರಾಗುತ್ತಾ?" ಎಂದು ಅಬ್ಬಾ ಕೇಳಿದರು. ಇಲ್ಲ. ಹೊರಗಿನಿಂದ ಬರುವ ಇಂಟರ್ನೆಟ್ ನಾವು ದುಡ್ಡು ಕಟ್ಟಿದಷ್ಟೇ ಬರುತ್ತದೆ. ಮನೆಯೊಳಗೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವುದು ಮಾತ್ರ ಬೇಗ ಆಗುತ್ತದೆ. ಮನೆಯಲ್ಲಿ ಬರೀ ಫೋನು, ಟಿವಿ ಇರುವವರಿಗೆ ಈ ಡಬ್ಬಿಯ ಅಗತ್ಯವೇ ಇಲ್ಲ, ರೂಟರಿನ ವೈಫೈ ಸಾಕು. ನಾವೂ ವೈಫೈಯಲ್ಲೇ ಕಾಪಿ ಮಾಡಲು ನೋಡಿದ್ದೆವು. ನಮ್ಮದು ಹಳೆಯ ಮನೆ, ದಪ್ಪ ಕಲ್ಲಿನ ಗೋಡೆ. ಮಹಡಿ ಮುಟ್ಟುವಷ್ಟರಲ್ಲಿ ಸಿಗ್ನಲ್ ಒಂದು ಗೀಟಿಗೆ ಇಳಿಯುತ್ತಿತ್ತು.

ಹಾಗಾದರೆ ಇನ್ನೂ ಜೋರಾದದ್ದು ಯಾಕೆ ಬೇಡ? ತಾಮ್ರದ ವೈರಿನಲ್ಲಿ ಗಿಗಾಬಿಟ್ ಹೋಗುವ ಮಾನದಂಡ ಬಂದದ್ದು 1999ರಲ್ಲಿ, ನಾವ್ಯಾರೂ ಹುಟ್ಟುವ ಮೊದಲು. ಎರಡೂವರೆ ಗಿಗಾಬಿಟ್‌ನ ಮಾನದಂಡ 2016ರಲ್ಲೇ ಬಂದಿದೆ, ಅಂಥ ಸ್ವಿಚ್‌ಗಳೂ ಸಿಗುತ್ತವೆ, ಬೆಲೆ ಹೆಚ್ಚು. ಆದರೆ ನಮ್ಮ ಎರಡೂ ಕಂಪ್ಯೂಟರುಗಳ ಪೋರ್ಟ್ ಒಂದು ಗಿಗಾಬಿಟ್‌ನದು. ಮೇಲಿನ ತಿರುಗುವ ಡಿಸ್ಕಿಗೂ ಅದಕ್ಕಿಂತ ಬಹಳ ಹೆಚ್ಚು ವೇಗದಲ್ಲಿ ಬರೆಯಲು ಬರುವುದಿಲ್ಲ. ಹೆದ್ದಾರಿ ಎಷ್ಟು ಅಗಲ ಮಾಡಿದರೂ ನಮ್ಮ ಓಣಿ ಅಷ್ಟೇ ಇದ್ದರೆ ಗಾಡಿ ಓಣಿಯ ವೇಗದಲ್ಲೇ ಬರಬೇಕು. ಹಾಗಾಗಿ ಒಂದು ಗಿಗಾಬಿಟ್‌ಗೆ ನಿಲ್ಲಿಸಿದೆ.

ಬಿ.ಡಿ. ರಸ್ತೆ ಕಡೆಯ ಅಂಗಡಿಗೆ ಭಾಯಿಜಾನ್ ಜೊತೆ ಹೋಗುವಾಗ ನಾನು ನೋಟ್‌ಬುಕ್ಕಿನ ಹಾಳೆಯಲ್ಲಿ ಐದು ಸಂಗತಿ ಬರೆದುಕೊಂಡಿದ್ದೆ.

ಮೊದಲನೆಯದು ಪೋರ್ಟಿನ ಲೆಕ್ಕ. ಐದು ಪೋರ್ಟಿನ ಸ್ವಿಚ್ ಎಂದರೆ ಕೈಗೆ ಸಿಗುವುದು ನಾಲ್ಕೇ, ಒಂದು ರೂಟರಿಗೆ ಹೋಗುತ್ತದೆ. ರೂಟರ್, ಆಪಾಳ ಕಂಪ್ಯೂಟರ್, ಮಹಡಿಯ ಡೆಸ್ಕ್‌ಟಾಪ್, ಭಾಯಿಜಾನ್ ಲ್ಯಾಪ್‌ಟಾಪ್, ನಾನು ಓದುವ ಮೇಜು. ಐದೂ ಭರ್ತಿ. ನಾಳೆ ಒಂದು ಪೋರ್ಟ್ ಕೆಟ್ಟರೆ ಅಥವಾ ಒಂದು ಪ್ರಿಂಟರ್ ಬಂದರೆ ಜಾಗ ಇಲ್ಲ. ಎಂಟು ಪೋರ್ಟಿನದಕ್ಕೆ ಕೆಲವು ನೂರು ರೂಪಾಯಿ ಮಾತ್ರ ಹೆಚ್ಚು. ಎಂಟೇ ಇರಲಿ ಎಂದು ಬರೆದೆ.

ಎರಡನೆಯದು ಪೆಟ್ಟಿಗೆಯ ಮೇಲಿನ ಅಕ್ಷರ. ಅಂಗಡಿಯವರು ಮೊದಲು ತೆಗೆದು ಇಟ್ಟದ್ದರ ಮೇಲೆ 'ಫಾಸ್ಟ್ ಈಥರ್ನೆಟ್' ಎಂದಿತ್ತು. "ಫಾಸ್ಟ್ ಅಂತ ಇದೆಯಲ್ಲ ಮೇಡಂ" ಎಂದರು. 1995ರಲ್ಲಿ 100 ಮೆಗಾಬಿಟ್‌ಗೆ ಇಟ್ಟ ಹೆಸರು ಅದು. ಆಗ ಅದು ನಿಜಕ್ಕೂ ಫಾಸ್ಟ್. ಇಂದು ಅಂಗಡಿಯಲ್ಲಿ ಸಿಗುವುದರಲ್ಲಿ ನಿಧಾನದ್ದು ಅದೇ. ನಮಗೆ ಬೇಕಾದದ್ದರ ಮೇಲೆ 'ಗಿಗಾಬಿಟ್' ಎಂದಾಗಲಿ 10/100/1000 ಎಂದಾಗಲಿ ಇರಬೇಕು. ಎಲ್ಲಾ ಪೋರ್ಟೂ ಗಿಗಾಬಿಟ್ ಆಗಿರಬೇಕು. ಇದನ್ನು ನೋಡಲು ಇನ್ನೊಂದು ಅಂಕಿ ಸಹಾಯ ಮಾಡುತ್ತದೆ. ಎಂಟು ಪೋರ್ಟ್, ಒಂದೊಂದಕ್ಕೂ ಹೋಗಲು ಒಂದು ಗಿಗಾಬಿಟ್, ಬರಲು ಒಂದು ಗಿಗಾಬಿಟ್. ಒಟ್ಟು 16. ಸ್ವಿಚಿಂಗ್ ಸಾಮರ್ಥ್ಯ 16 ಗಿಗಾಬಿಟ್ ಎಂದಿದ್ದರೆ ಎಲ್ಲಾ ಬಾಗಿಲುಗಳೂ ಏಕಕಾಲಕ್ಕೆ ತುಂಬಿ ಹರಿದರೂ ತಡೆ ಇಲ್ಲ ಎಂದರ್ಥ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ನೋಡಿದವರಿಗೆ ಇದು ಸುಲಭ. ನಮ್ಮ ಚಿತ್ರದುರ್ಗದ ಲೈನು ಹುಬ್ಬಳ್ಳಿ ಕಡೆಯ ದೊಡ್ಡ ಲೈನಿಗೆ ಸೇರುವುದು ಅಲ್ಲಿ. ಹಳಿಗಳು ಸಾಕಷ್ಟು ಇದ್ದರೆ ಒಂದು ಗಾಡಿ ನಿಂತಿರುವಾಗಲೇ ಇನ್ನೊಂದು ಹೋಗುತ್ತದೆ. ಹಳಿ ಕಡಿಮೆಯಾದರೆ ಸಿಗ್ನಲ್ಲಿಗೆ ಕಾಯಬೇಕು.

ಮೂರನೆಯದು ಮೈ. ಪ್ಲಾಸ್ಟಿಕ್ ಮೈಯದೂ ಇವೆ, ಲೋಹದ ಮೈಯದೂ ಇವೆ. ಪ್ಲಾಸ್ಟಿಕ್ಕಿನದು ಕೆಟ್ಟದ್ದು ಎಂದಲ್ಲ. ಆದರೆ ಈ ಡಬ್ಬಿಗೆ ಫ್ಯಾನ್ ಇರುವುದಿಲ್ಲ. ವರ್ಷದ 365 ದಿನವೂ ಆನ್ ಇರುತ್ತದೆ. ಒಳಗಿನ ಬಿಸಿ ಮೈಯ ಮೂಲಕವೇ ಹೊರಗೆ ಹೋಗಬೇಕು. ನಮ್ಮ ದುರ್ಗದ ಏಪ್ರಿಲ್ ಬಿಸಿಲು, ಕಾದ ಕಲ್ಲು ರಾತ್ರಿಯೂ ಆರದಿರುವುದು ನಿಮಗೆ ಗೊತ್ತೇ ಇದೆ. ಲೋಹ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ಇದು ಫಿಸಿಕ್ಸ್ ಪಾಠ. ತೂಕ ಇರುವುದರಿಂದ ಕೇಬಲ್ ಎಳೆದರೂ ಮೇಜಿನಿಂದ ಜಾರುವುದಿಲ್ಲ. ಫ್ಯಾನ್ ಇಲ್ಲದಿರುವುದೂ ಒಳ್ಳೆಯದೇ. ತಿರುಗುವ ಭಾಗ ಇದ್ದರೆ ಮೊದಲು ಕೆಡುವುದು ಅದು, ಧೂಳನ್ನು ಒಳಗೆ ಎಳೆಯುವುದೂ ಅದು.

ನಾಲ್ಕನೆಯದು ಅಡಾಪ್ಟರ್. ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಇದನ್ನೇ. "ಸ್ವಿಚ್ ಕೆಟ್ಟಿತು ಅಂತ ತರುತ್ತಾರಲ್ಲ, ಎಷ್ಟೋ ಸಲ ಸ್ವಿಚ್ ಚೆನ್ನಾಗಿರುತ್ತೆ, ಗೋಡೆಗೆ ಚುಚ್ಚುವ ಅಡಾಪ್ಟರ್ ಸತ್ತಿರುತ್ತೆ" ಎಂದು ಲ್ಯಾಬ್ ಸರ್ ಹೇಳಿದ್ದರು. ಭಾರತದಲ್ಲಿ ಮಾರುವ ಕಂಪ್ಯೂಟರ್ ಸಲಕರಣೆಗಳ ಅಡಾಪ್ಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಅಡಾಪ್ಟರಿನ ಮೈಮೇಲೆ ಬಿಐಎಸ್ ಗುರುತು, ಮಾನದಂಡದ ಸಂಖ್ಯೆ, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತವೆ. ಪೆಟ್ಟಿಗೆ ತೆರೆಸಿ ಅದನ್ನು ಓದಿ ನೋಡಿದೆ. ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಎಂದು ಬರೆದುಕೊಂಡೆ. ಮುಂದೆ ಬದಲಿಸಬೇಕಾಗಿ ಬಂದರೆ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. ಪಿನ್ನಿನ ಗಾತ್ರವೂ, ಪ್ಲಸ್ ಮೈನಸ್ ಯಾವ ಕಡೆ ಎಂಬುದೂ ಹೊಂದಬೇಕು.

ಐದನೆಯದು, ಬೇಡದ್ದನ್ನು ಬೇಡ ಎನ್ನುವುದು. ಸ್ವಿಚ್‌ಗಳಲ್ಲಿ 'ಮ್ಯಾನೇಜ್ಡ್' ಎಂಬ ಜಾತಿ ಇದೆ. ಅವಕ್ಕೆ ಪಾಸ್‌ವರ್ಡ್, ಸೆಟ್ಟಿಂಗ್, ಅಪ್‌ಡೇಟ್ ಎಲ್ಲಾ ಇರುತ್ತವೆ. ಕಾಲೇಜಿನ ಲ್ಯಾಬಿಗೆ, ಆಸ್ಪತ್ರೆಗೆ ಅದು ಬೇಕು. ವೈರಿನಲ್ಲೇ ಕ್ಯಾಮೆರಾಗಳಿಗೆ ಕರೆಂಟು ಕೊಡುವ 'ಪಿಒಇ' ಸ್ವಿಚ್‌ಗಳೂ ಇವೆ. ಸಿಸಿಟಿವಿ ಹಾಕುವವರಿಗೆ ಅದು ಬೇಕು. ನಮಗೆ ಎರಡೂ ಬೇಡ. ಚುಚ್ಚಿದರೆ ಕೆಲಸ ಮಾಡಬೇಕು, ಆಮೇಲೆ ಅದರ ನೆನಪೇ ಬರಬಾರದು. ಸೆಟ್ಟಿಂಗ್ ಇಲ್ಲದ್ದರಲ್ಲಿ ಕೆಡಿಸಲು ಸೆಟ್ಟಿಂಗೂ ಇರುವುದಿಲ್ಲ.

ಟಿಪಿ-ಲಿಂಕ್, ಡಿ-ಲಿಂಕ್, ನೆಟ್‌ಗಿಯರ್, ಟೆಂಡಾ ಎಲ್ಲರೂ ಇಂಥ ಸ್ವಿಚ್ ಮಾಡುತ್ತಾರೆ. ನನ್ನ ಐದು ಸಾಲಿಗೂ ಟಿಕ್ ಬಿದ್ದು, ಆ ದಿನ ಅಂಗಡಿಯಲ್ಲಿ ಇದ್ದದ್ದು ಟಿಪಿ-ಲಿಂಕ್‌ನ ಲೋಹದ ಮೈಯ ಎಂಟು ಪೋರ್ಟಿನದು, ಟಿಎಲ್-ಎಸ್‌ಜಿ108. ಅದನ್ನೇ ತಂದೆವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರಿನ್ನೂರು ಕಡಿಮೆಗೆ ಸಿಗುತ್ತದೆ ಎಂದು ಭಾಯಿಜಾನ್ ಹೇಳಿದ. ಕೆಟ್ಟರೆ ಹಿಂದಿರುಗಿಸಲು ಬೆಂಗಳೂರಿಗೆ ಯಾರು ಹೋಗುತ್ತಾರೆ ಎಂದು ಅಮ್ಮಿ ಕೇಳಿದ ಮೇಲೆ ಆ ಮಾತು ಅಲ್ಲಿಗೆ ನಿಂತಿತು.

ತಂದು ಹಾಕಿದ ದಿನ ಒಂದು ತಮಾಷೆ ಆಯಿತು. ಎಲ್ಲಾ ಜೋಡಿಸಿ ಕಾಪಿ ಹಾಕಿದರೆ ಮತ್ತೆ ಅದೇ ಮೂರು ಗಂಟೆ! ಭಾಯಿಜಾನ್ ನನ್ನ ಮುಖ ನೋಡಿದ. ಮಹಡಿಯ ಕಂಪ್ಯೂಟರಿನಲ್ಲಿ ನೆಟ್‌ವರ್ಕಿನ ವೇಗ ನೋಡಿದರೆ 100 ಎಂದೇ ತೋರಿಸುತ್ತಿತ್ತು. ನನ್ನದೂ ಭಾಯಿಜಾನ್‌ದೂ 1000 ತೋರಿಸುತ್ತಿದ್ದವು. ಅಂದರೆ ಸ್ವಿಚ್ ಸರಿ ಇದೆ, ಮಹಡಿಗೆ ಹೋಗುವ ದಾರಿಯಲ್ಲಿ ಏನೋ ಇದೆ. ಲ್ಯಾಬ್ ಸರ್ ಹತ್ತಿರ ಕೇಬಲ್ ಟೆಸ್ಟರ್ ಎರವಲು ತಂದೆ. ಅದರಲ್ಲಿ ಎಂಟು ದೀಪ ಒಂದರ ನಂತರ ಒಂದು ಹತ್ತಬೇಕು. ನಾಲ್ಕೇ ಹತ್ತಿದವು.

ಕಾರಣ ಸರಳ. ಈ ಕೇಬಲಿನೊಳಗೆ ಎಂಟು ತಂತಿ ಇರುತ್ತವೆ, ನಾಲ್ಕು ಜೋಡಿ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹಿಂದೆ ಕೇಬಲ್ ಎಳೆದವರು ನಾಲ್ಕು ತಂತಿಯನ್ನು ಮಾತ್ರ ತುದಿಯ ಪ್ಲಗ್ಗಿಗೆ ಹಿಡಿಸಿ ಉಳಿದದ್ದನ್ನು ಕತ್ತರಿಸಿಬಿಟ್ಟಿದ್ದರು. ಹಳೆಯ ಸ್ವಿಚ್ ಇದ್ದಷ್ಟು ದಿನ ಅದು ಯಾರಿಗೂ ಗೊತ್ತಾಗಲಿಲ್ಲ. ಸರ್ ಕ್ರಿಂಪಿಂಗ್ ಟೂಲನ್ನೂ ಕೊಟ್ಟಿದ್ದರು. ಎರಡು ತುದಿಗೂ ಹೊಸ ಪ್ಲಗ್ ಹಾಕಿ, ಎಂಟೂ ತಂತಿಗಳನ್ನು ಬಣ್ಣದ ಕ್ರಮದಲ್ಲಿ ಕೂರಿಸಿ ಒತ್ತಿದೆವು. ಟೆಸ್ಟರಿನಲ್ಲಿ ಎಂಟೂ ದೀಪ ಹತ್ತಿದವು. ಮಹಡಿಯಲ್ಲಿ 1000 ಎಂದು ಬಂತು. ಹೊಸ ಕೇಬಲ್ ಕೊಳ್ಳುವವರು 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಎಂದು ಕೇಳಿ. 100 ಮೀಟರ್‌ವರೆಗೆ ಗಿಗಾಬಿಟ್‌ಗೆ ಎರಡೂ ಆಗುತ್ತವೆ. ಅಪ್ಪಟ ತಾಮ್ರವೇ ಎಂದೂ ಕೇಳಿ. ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ.

ಸ್ವಿಚ್ಚನ್ನು ಈಗ ಆಪಾಳ ಕಂಪ್ಯೂಟರಿನ ಯುಪಿಎಸ್‌ಗೇ ಹಾಕಿದ್ದೇವೆ. ಕರೆಂಟು ಹೋದರೆ ಕಂಪ್ಯೂಟರಿನ ಜೊತೆ ಅದೂ ಎಚ್ಚರವಾಗಿಯೇ ಇರುತ್ತದೆ. ಯುಪಿಎಸ್‌ಗೆ ಅದೇನು ಭಾರವಲ್ಲ. 4 ವ್ಯಾಟ್ ಎಂದು ಹಿಡಿದರೂ ಇಡೀ ವರ್ಷಕ್ಕೆ ಸುಮಾರು 35 ಯೂನಿಟ್. ಮೇಲೆ ಬಟ್ಟೆ ಮುಚ್ಚಬೇಡಿ ಎಂದು ಅಮ್ಮಿಗೆ ಹೇಳಬೇಕಾಯಿತು. ಟಿವಿಗೆ ಹಾಕುವ ಹಾಗೆ ಅದಕ್ಕೂ ಒಂದು ಕಸೂತಿ ಬಟ್ಟೆ ಹೊದಿಸಿದ್ದರು.

ಒಂದು ದಿನ ಇಡೀ ಮನೆಯ ನೆಟ್‌ವರ್ಕ್ ನಿಂತುಹೋಯಿತು. ರೂಟರ್ ಆಫ್ ಮಾಡಿ ಆನ್ ಮಾಡಿದರೂ ಇಲ್ಲ. ಸ್ವಿಚ್ಚಿನ ದೀಪಗಳು ಹುಚ್ಚು ಹಿಡಿದ ಹಾಗೆ ಮಿಣುಕುತ್ತಿದ್ದವು. ರಜೆಗೆ ಬಂದಿದ್ದ ಖಾಲಾಳ ಮಗ, ಆರು ವರ್ಷದವನು, ಒಂದು ಕೇಬಲಿನ ತುದಿ ಸುಮ್ಮನೆ ನೇತಾಡುತ್ತಿದೆ ಎಂದು ಅದನ್ನೂ ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚಿದ್ದ. ಒಂದೇ ಕೇಬಲಿನ ಎರಡು ತುದಿಯೂ ಒಂದೇ ಸ್ವಿಚ್ಚಿನಲ್ಲಿ ಇದ್ದರೆ ಎಲ್ಲರಿಗೂ ಕಳಿಸುವ ಸಂದೇಶ ಸುತ್ತುತ್ತಾ ಹೆಚ್ಚುತ್ತಾ ಹೋಗುತ್ತದೆ, ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ. ಸೆಟ್ಟಿಂಗ್ ಇಲ್ಲದ ಸ್ವಿಚ್‌ಗಳಲ್ಲಿ ಅದನ್ನು ತಡೆಯುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ತುದಿ ಕಿತ್ತ ಕೂಡಲೇ ಎಲ್ಲಾ ಸರಿಹೋಯಿತು. ಅಂದಿನಿಂದ ಡಬ್ಬಿ ಕಪಾಟಿನ ಮೇಲಕ್ಕೆ ಹೋಗಿದೆ, ಖಾಲಿ ಕೇಬಲ್ ಮೇಜಿನ ಡ್ರಾದಲ್ಲಿದೆ.

ಇನ್ನೊಂದು ಮಾತು ಹೇಳಲೇಬೇಕು. ಸ್ವಿಚ್ ಬೀಗ ಅಲ್ಲ. ವೈರಿನಲ್ಲಿ ಸರಿಯಾದ ಬಾಗಿಲಿಗೆ ಕೊಂಡೊಯ್ಯುವುದಷ್ಟೇ ಅದರ ಕೆಲಸ. ಬಾಗಿಲು ತೆರೆದು ನೋಡುವವರನ್ನು ಅದು ತಡೆಯುವುದಿಲ್ಲ. ಮನೆಯ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರಾದರೂ ಅದೇ ನೆಟ್‌ವರ್ಕಿನೊಳಗೆ ಬರಬಹುದು. ಅದಕ್ಕೆ ಮಹಡಿಯ ಕಂಪ್ಯೂಟರಿನ ಫೋಲ್ಡರಿಗೆ ಬೇರೆಯೇ ಪಾಸ್‌ವರ್ಡ್ ಇದೆ. ಆಪಾಗೂ ನನಗೂ ಮಾತ್ರ ಗೊತ್ತು. ಭಾಯಿಜಾನ್ ಕೇಳಿಲ್ಲ. ಬಂದ ನೆಂಟರಿಗೆ ವೈಫೈ ಬೇಕೆಂದರೆ ರೂಟರಿನಲ್ಲಿ 'ಗೆಸ್ಟ್' ಎಂದು ಬೇರೆ ಹೆಸರು ಮಾಡಿಟ್ಟಿದ್ದೇವೆ.

ಕಳೆದ ವಾರ ಹೊಳಲ್ಕೆರೆಯ ಒಂದು ಮದುವೆಗೆ ನಾನೂ ಆಪಾಳ ಜೊತೆ ಹೋಗಿದ್ದೆ, ಲೈಟ್ ಹಿಡಿಯಲು. ವಧುವಿನ ದಾದಿಗೆ ಎಂಬತ್ತು ದಾಟಿದೆ, ಹಾಸಿಗೆ ಬಿಟ್ಟು ಏಳುವುದಿಲ್ಲ. ಮೊಮ್ಮಗಳ ಕೈಗೆ ಮೆಹಂದಿ ಇಡುವುದನ್ನು ಅವರ ಹಾಸಿಗೆಯ ಪಕ್ಕದಲ್ಲೇ ಮಾಡಿದರು. ಆಕೆ ಒಂದು ಹಳೆಯ ಶಾದಿಯ ಹಾಡು ಶುರು ಮಾಡಿ, ನಡುವೆ ಮರೆತು, ಸೊಸೆಯ ಮುಖ ನೋಡಿ ನಕ್ಕು, ಮತ್ತೆ ಹಿಡಿದರು. ಆಪಾ ಅದನ್ನು ಪೂರ್ತಿ ತೆಗೆದಳು, ನಾಲ್ಕು ನಿಮಿಷ ಇರಬಹುದು. ಹೊರಡುವಾಗ ವಧುವಿನ ತಾಯಿ ಆಪಾಳ ಕೈ ಹಿಡಿದು "ಬೇರೆ ಏನು ಹೋದರೂ ಪರವಾಗಿಲ್ಲ, ಅಮ್ಮಿಯ ಹಾಡು ಹೋಗಬಾರದು" ಎಂದರು.

ಮನೆಗೆ ಬಂದು ಕಾರ್ಡ್ ಹಾಕಿದಾಗ ಗಂಟೆ ಹನ್ನೊಂದೂವರೆ. ಕೆಳಗೆ ಬಂತು, ಮೇಲಕ್ಕೆ ಹತ್ತಿತು. 128 ಜಿಬಿಗೆ ಇಪ್ಪತ್ತೆರಡು ನಿಮಿಷ. ಆಪಾ ಎರಡೂ ಕಡೆ ಫೈಲುಗಳ ಎಣಿಕೆ, ಗಾತ್ರ ನೋಡಿದಳು. ಮಹಡಿಗೆ ಹೋಗಿ ಆ ನಾಲ್ಕು ನಿಮಿಷದ ಹಾಡನ್ನು ಅಲ್ಲಿನ ಕಂಪ್ಯೂಟರಿನಲ್ಲೇ ಹಾಕಿ ಕೇಳಿದಳು. ಆಮೇಲೆ ಕಾರ್ಡ್ ಅಳಿಸಿದಳು. ಹನ್ನೆರಡೂವರೆಗೆ ಲೈಟ್ ಆರಿಸಿ ಮಲಗಿದೆವು. ಆ ರಾತ್ರಿ ಕರೆಂಟು ಹೋಗಿ ಬಂದಿತ್ತೋ ಇಲ್ಲವೋ ನಮಗೆ ಗೊತ್ತಿಲ್ಲ.

ಈಗ ಗೆಳತಿಯರು ಯಾವ ಸ್ವಿಚ್ ತರಲಿ ಎಂದು ಕೇಳುತ್ತಾರೆ. ಹೆಸರಿನ ಬದಲು ನಾನು ಆ ಹಾಳೆಯನ್ನೇ ಕೊಡುತ್ತೇನೆ. ಎಷ್ಟು ಪೋರ್ಟ್ ಬೇಕು ಎಣಿಸಿ, ಎರಡು ಹೆಚ್ಚು ಹಿಡಿಯಿರಿ. 1000 ಎಂಬ ಅಂಕಿ ಇದೆಯೇ ನೋಡಿ. ಲೋಹದ ಮೈ ಸಿಕ್ಕರೆ ಅದನ್ನು ತನ್ನಿ. ಅಡಾಪ್ಟರ್ ಓದಿ ನೋಡಿ. ಬೇಡದ್ದಕ್ಕೆ ದುಡ್ಡು ಕೊಡಬೇಡಿ. ತಂದ ಮೇಲೆ ಕೇಬಲಿನ ಎಂಟು ತಂತಿ ಪರೀಕ್ಷಿಸಿ. ಬಿಲ್ಲು ಜೋಪಾನ. ನಮ್ಮದು ಅಮ್ಮಿಯ ಬೀರುವಿನಲ್ಲಿ, ರೇಷನ್ ಕಾರ್ಡಿನ ಜೊತೆಗಿದೆ.